ಅಂಕಿಗಳನ್ನು ಬದಿಗಿಟ್ಟು ಫೋನನ್ನು ಕೈಗೆತ್ತಿಕೊಳ್ಳಿ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡಾಗ ಮುಕ್ಕಾಲು ಪಾಲು ಒಂದೇ ರಾಗ ಹಾಡುತ್ತಿದ್ದವು: ಹೊಸ ಸ್ಮಾರ್ಟ್‌ಫೋನ್ ಕೊಳ್ಳಬೇಕು, ಏನೇನು ನೋಡಬೇಕು? ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ದೂಡಿ ಇಡೀ ಅಂಕಣವನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೊಸ ಫೋನುಗಳ ಪೆಟ್ಟಿಗೆ ತೆರೆದು ಹೊಗಳುವವನಲ್ಲ; ಹಳತಾದ ಫೋನುಗಳ ಬೆನ್ನು ತೆರೆದು ಬೈಸಿಕೊಳ್ಳುವವನು. ಹದಿನೇಳು ವರ್ಷಗಳಿಂದ ರಿಪೇರಿ ಮೇಜಿನ ಮುಂದೆ ಕುಳಿತಿದ್ದೇನೆ. ವಿವರಪಟ್ಟಿಯಲ್ಲಿ ಅಚ್ಚಾಗುವುದು ಫೋನಿನ ಅತ್ಯುತ್ತಮ ಗಳಿಗೆ; ನನ್ನ ಮೇಜಿಗೆ ಬರುವುದು ಅದರ ಮಿಕ್ಕ ಗಳಿಗೆಗಳು. ಉತ್ತರಗಳಲ್ಲಿ ಆ ಪಕ್ಷಪಾತ ಇದ್ದೇ ಇರುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಎರಡು ಫೋನುಗಳ ವಿವರಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಮೂರು ದಿನದಿಂದ ನೋಡುತ್ತಿದ್ದೇನೆ. ಎರಡೂ 6.7 ಇಂಚಿನವು. ಒಂದು 190 ಗ್ರಾಂ, ಇನ್ನೊಂದು 221 ಗ್ರಾಂ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಒಂದೇ. ಮೂವತ್ತು ಗ್ರಾಂಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ? (ಕಾಲೇಜು ಅಧ್ಯಾಪಕಿಯೊಬ್ಬರು)

ಉತ್ತರ: ಕೆಡಿಸಿಕೊಳ್ಳಿ, ಆದರೆ ಗ್ರಾಂ ಎಷ್ಟು ಎಂದಲ್ಲ, ಆ ಗ್ರಾಂ ಎಲ್ಲಿ ಕುಳಿತಿದೆ ಎಂದು. ಈಗಿನ ಫೋನುಗಳಲ್ಲಿ ಕ್ಯಾಮೆರಾ ಭಾಗವೇ ಭಾರ, ಅದು ಇರುವುದು ತುದಿಯಲ್ಲಿ. ಫೋನಿನ ಬೆನ್ನಿನ ನಟ್ಟನಡುವೆ ತೋರುಬೆರಳಿಟ್ಟು ತಕ್ಕಡಿಯಂತೆ ನಿಲ್ಲಿಸಿ ನೋಡಿ. ಕ್ಯಾಮೆರಾದ ಕಡೆಗೆ ದಬಕ್ಕನೆ ವಾಲಿದರೆ, ಒಂದೇ ಕೈಯಲ್ಲಿ ಹಿಡಿದು ಓದುವಾಗ ಆ ವಾಲುವಿಕೆಯನ್ನೆಲ್ಲ ತಡೆಯಬೇಕಾದದ್ದು ನಿಮ್ಮ ಕಿರುಬೆರಳು. ಸಮತೂಕವಿರುವ 221 ಗ್ರಾಂ ಫೋನು ತಲೆಭಾರದ 190 ಗ್ರಾಂ ಫೋನಿಗಿಂತ ಹಗುರ ಅನ್ನಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

6.7 ಇಂಚು ಎಂಬ ಮಾತಿಗೆ ಬರುತ್ತೇನೆ. ಅದು ಮೂಲೆಯಿಂದ ಮೂಲೆಗೆ ಅಳೆದ ಉದ್ದ. ಕೈಗೆ ಬೇಕಾದದ್ದು ಅಡ್ಡಗಲ. ಹಿಂದಿನ 5.5 ಇಂಚಿನ ಫೋನುಗಳ ಪರದೆ 16ಕ್ಕೆ 9ರ ಪ್ರಮಾಣದ್ದು. ಲೆಕ್ಕ ಹಾಕಿದರೆ ಅಡ್ಡಗಲ ಸುಮಾರು 68 ಮಿಲಿಮೀಟರ್. ಈಗಿನ 6.7 ಇಂಚಿನದು 20ಕ್ಕೆ 9ರ ಪ್ರಮಾಣದ್ದು. ಅಡ್ಡಗಲ ಸುಮಾರು 70. ಅಂದರೆ ಪರದೆ ಬೆಳೆದಿರುವುದು ಎತ್ತರಕ್ಕೆ, ಅಗಲಕ್ಕೆ ಅಲ್ಲವೇ ಅಲ್ಲ ಎನ್ನುವಷ್ಟು ಕಡಿಮೆ. 2007ರ ಮೊದಲ ಐಫೋನಿನ ಪರದೆ ಬರೀ 3.5 ಇಂಚು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಇದೇನು ಫೋನೋ ಹಲಗೆಯೋ ಎಂದು ನಕ್ಕವರಲ್ಲಿ ನಾನೂ ಒಬ್ಬ. ಈಗ ಅಷ್ಟು ಚಿಕ್ಕ ಪರದೆ ಬೇಕೆಂದು ಹುಡುಕಿದರೂ ಸಿಗುವುದು ಕಷ್ಟ. ಎತ್ತರ ಹೆಚ್ಚಿದ್ದರಿಂದ ಆದ ತೊಂದರೆ ಹೆಬ್ಬೆರಳಿಗೆ. ಫೋನನ್ನು ಒಂದು ಕೈಯಲ್ಲಿ ಹಿಡಿದು, ಹಿಡಿತ ಬದಲಿಸದೆ, ಎದುರು ಬದಿಯ ಮೇಲ್ಮೂಲೆಯನ್ನು ಮುಟ್ಟಲು ಯತ್ನಿಸಿ. ಮುಟ್ಟಲಾಗದಿದ್ದರೆ ಪರವಾಗಿಲ್ಲ, ಯಾರಿಗೂ ಆಗುವುದಿಲ್ಲ. ಆದರೆ ಯತ್ನಿಸುವಾಗ ಫೋನು ಅಂಗೈಯಿಂದ ಜಾರಿತೇ ಎಂಬುದನ್ನು ಗಮನಿಸಿ. ಬೀಳುವ ಫೋನುಗಳು ಬೀಳುವುದೇ ಆ ಕ್ಷಣದಲ್ಲಿ.

ಇನ್ನು ಗುಂಡಿಗಳು. ಪವರ್ ಗುಂಡಿ ಒಂದು ಬದಿಗೆ, ದನಿಯ ಗುಂಡಿ ಅದರ ನೇರ ಎದುರು ಬದಿಗೆ ಇದ್ದರೆ, ಒಂದನ್ನು ಒತ್ತಲು ಹೋದಾಗ ಆಧಾರಕ್ಕೆ ಇಟ್ಟ ಬೆರಳು ಇನ್ನೊಂದನ್ನೂ ಒತ್ತುತ್ತದೆ. ನನ್ನ ಹಿಂದಿನ ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಸ್ಕ್ರೀನ್‌ಶಾಟ್‌ಗಳಿದ್ದವು. ಒಂದೂ ಬೇಕೆಂದು ತೆಗೆದದ್ದಲ್ಲ.

ಕೊನೆಗೆ ಫೋನನ್ನು ಮೇಜಿನ ಮೇಲೆ ಮಲಗಿಸಿ ಪರದೆಯ ನಾಲ್ಕೂ ಮೂಲೆಗಳನ್ನು ತಟ್ಟಿ. ಕ್ಯಾಮೆರಾ ಉಬ್ಬು ಒಂದೇ ಮೂಲೆಯಲ್ಲಿದ್ದರೆ ಕಾಲು ಗಿಡ್ಡವಾದ ಮಣೆಯಂತೆ ಕುಲುಕುತ್ತದೆ. ಉಬ್ಬು ಅಡ್ಡಪಟ್ಟಿಯಾಗಿ ಬೆನ್ನಿನ ಅಗಲಕ್ಕೂ ಹಬ್ಬಿದ್ದರೆ ಕುಲುಕದು. ಕವಚ ಹಾಕಿದರೆ ಈ ದೋಷ ಬಹುಪಾಲು ಮುಚ್ಚಿಹೋಗುತ್ತದೆ, ಆದ್ದರಿಂದ ಇದೊಂದಕ್ಕೆ ಫೋನನ್ನು ತಿರಸ್ಕರಿಸಬೇಡಿ. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಕ್ಯಾಮೆರಾ ಭಾಗದಿಂದ ಸಣ್ಣಗೆ ಲೊಟಲೊಟ ಸದ್ದು ಬಂದರೂ ಗಾಬರಿ ಬೇಡ. ಕೈನಡುಕವನ್ನು ಸರಿದೂಗಿಸುವ ಮಸೂರ ಒಳಗೆ ತೇಲುವಂತೆ ಜೋಡಿಸಿರುತ್ತದೆ. ಕ್ಯಾಮೆರಾ ತೆರೆದೊಡನೆ ಸದ್ದು ನಿಲ್ಲಬೇಕು. ಈ ಸದ್ದನ್ನು "ರಿಪೇರಿ" ಮಾಡಿಸಲು ಹೊಚ್ಚ ಹೊಸ ಫೋನುಗಳನ್ನು ತಂದವರಿದ್ದಾರೆ.

ಪ್ರಶ್ನೆ: ಗಟ್ಟಿಮುಟ್ಟಾದ ವಿಶೇಷ ಗಾಜು ಎಂದು ಜಾಹೀರಾತಿನಲ್ಲಿ ಹೇಳಿದ್ದರು. ಕೀಲಿಕೈಯಿಂದ ಗೀಚಿ ತೋರಿಸಿದ್ದರು ಕೂಡ. ಕೊಂಡ ಎರಡೇ ವಾರಕ್ಕೆ ಪರದೆಯ ಮೇಲೆ ಕೂದಲೆಳೆಯಂಥ ಗೀರುಗಳು ಮೂಡಿವೆ. ಇದು ಮೋಸವಲ್ಲವೇ? (ಅಂಚೆ ಇಲಾಖೆಯ ನೌಕರರೊಬ್ಬರು)

ಉತ್ತರ: ಮೋಸವಲ್ಲ, ಜಾಣತನ. ಕೀಲಿಕೈ ಉಕ್ಕಿನದೋ ಹಿತ್ತಾಳೆಯದೋ ಆಗಿರುತ್ತದೆ. ಅದು ಗಾಜಿಗಿಂತ ಮೆದು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಫೋನಿನ ಗಾಜು 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮರಳಿನಲ್ಲಿರುವ ಸ್ಫಟಿಕ ಕಲ್ಲಿನದು 7. ನಿಮ್ಮ ಜೇಬಿನ ಮೂಲೆಯಲ್ಲಿ ಕಣ್ಣಿಗೂ ಕಾಣದ ಒಂದು ಮರಳಿನ ಕಣ ಇದ್ದರೆ ಸಾಕು. ಜಾಹೀರಾತಿನವರು ಕೀಲಿಕೈಯಿಂದ ಗೀಚಿದರು. ಮರಳು ಉಜ್ಜಿ ತೋರಿಸಲಿಲ್ಲ.

ಈ ಗಾಜನ್ನು ಗಟ್ಟಿ ಮಾಡುವ ಬಗೆ ನನಗೆ ಬಹಳ ಇಷ್ಟವಾದ ಸಂಗತಿ, ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಲವಣದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಮೈಯಲ್ಲಿದ್ದ ಪುಟ್ಟ ಸೋಡಿಯಂ ಅಯಾನುಗಳು ಹೊರಗೆ ಹೋಗಿ ಅವುಗಳ ಜಾಗಕ್ಕೆ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳು ಬಂದು ಕೂರುತ್ತವೆ. ಮೂವರು ಕೂರುವ ಬೆಂಚಿನಲ್ಲಿ ದಢೂತಿ ಮೂವರು ತುರುಕಿಕೊಂಡು ಕುಳಿತಂತೆ ಮೇಲ್ಮೈ ಇಡೀ ಬಿಗಿದುಕೊಳ್ಳುತ್ತದೆ. ಗಾಜು ಒಡೆಯುವುದು ಅದರ ಮೇಲಿನ ಯಾವುದೋ ಸಣ್ಣ ಬಿರುಕು ಬಾಯಿ ತೆರೆದಾಗ. ಬಿಗಿದುಕೊಂಡಿರುವ ಮೇಲ್ಮೈ ಆ ಬಾಯಿಯನ್ನು ಒತ್ತಿ ಮುಚ್ಚಿಡುತ್ತದೆ. ಮೊದಲ ಐಫೋನನ್ನು 2007ರ ಜನವರಿಯಲ್ಲಿ ತೋರಿಸಿದಾಗ ಅದರ ಪರದೆ ಪ್ಲಾಸ್ಟಿಕ್‌ನದು. ಜೂನ್ ತಿಂಗಳಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ ಗಾಜಾಗಿತ್ತು. ಅಲ್ಲಿಂದಾಚೆಗೆ ಪ್ಲಾಸ್ಟಿಕ್ ಪರದೆಯ ಕಾಲ ಮುಗಿಯಿತು ಎಂದೇ ಹೇಳಬಹುದು.

ತೊಡಕು ಏನೆಂದರೆ, ಬಿದ್ದರೆ ಒಡೆಯದ ಗುಣ ಮತ್ತು ಗೀಚಿದರೆ ಗೀರಾಗದ ಗುಣ ಒಂದೇ ಅಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ, ಒಂದನ್ನು ಹೆಚ್ಚಿಸಲು ಹೊರಟರೆ ಮತ್ತೊಂದನ್ನು ಕೊಂಚ ಬಿಟ್ಟುಕೊಡಬೇಕಾಗುವುದೇ ಹೆಚ್ಚು. ಬಿದ್ದು ಒಡೆದ ಪರದೆಗಳನ್ನು ಭೂತಗನ್ನಡಿಯಡಿ ನೋಡುವುದು ನನ್ನ ಚಟ. ಜೇಡರ ಬಲೆಯಂತೆ ಹರಡಿದ ಬಿರುಕುಗಳನ್ನು ಹಿಂದಕ್ಕೆ ಹಿಂಬಾಲಿಸಿಕೊಂಡು ಹೋದರೆ ಅವೆಲ್ಲ ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದು ಹೆಚ್ಚಾಗಿ ಸಿಗುವುದು ಅಂಚಿನಲ್ಲಿ, ಸೂಜಿಮೊನೆಯಷ್ಟು ಗಾಜು ಪುಡಿಯಾದ ಜಾಗದಲ್ಲಿ. ಆದ್ದರಿಂದ ಹೊಸ ಫೋನು ನೋಡುವಾಗ ಗಾಜಿನ ಹೆಸರನ್ನು ಕೇಳುವುದಕ್ಕಿಂತ ಅಂಚಿನ ಮೇಲೆ ಉಗುರು ಎಳೆದು ನೋಡಿ. ಚೌಕಟ್ಟು ಗಾಜಿಗಿಂತ ಒಂದು ಎಳೆ ಮೇಲಿದ್ದರೆ ಪೆಟ್ಟು ಮೊದಲು ಲೋಹಕ್ಕೆ ಬೀಳುತ್ತದೆ. ಗಾಜೇ ಮೇಲಿದ್ದರೆ ತುಟಿ ಎತ್ತರಿಸಿದ ಕವಚ ತೊಡಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ನಿಮ್ಮ ಕೂದಲೆಳೆ ಗೀರುಗಳಿಗೆ ಈಗ ಮಾಡುವಂಥದ್ದೇನೂ ಇಲ್ಲ. ಅವುಗಳ ಮೇಲೆ ಒಂದು ರಕ್ಷಕ ಗಾಜು ಅಂಟಿಸಿ, ಅರ್ಧದಷ್ಟು ಕಣ್ಮರೆಯಾಗುತ್ತವೆ.

ಪ್ರಶ್ನೆ: ಅಂಚಿನಲ್ಲಿ ಬಾಗಿದ ಪರದೆಯ ಫೋನು ನೋಡಲು ಬಹಳ ಚೆಂದವಾಗಿದೆ. ಕೊಳ್ಳಲೇ?

ಉತ್ತರ: ಚೆಂದ, ನಿಜ. ರಕ್ಷಕ ಗಾಜು ಸರಿಯಾಗಿ ಕೂರುವುದಿಲ್ಲ, ಹಿಡಿದ ಅಂಗೈಯೇ ಪರದೆಯನ್ನು ಒತ್ತುತ್ತದೆ, ಬದಿಯಲ್ಲಿ ಬಿದ್ದರೆ ಮೊದಲು ನೆಲ ಮುಟ್ಟುವುದು ಗಾಜು. ಇಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಕೊಳ್ಳಿ. ನನ್ನ ಮೇಜಿನ ಮೇಲೆ ಜಾಗವಿದೆ.

ಪ್ರಶ್ನೆ: "8 ಜಿಬಿ + 8 ಜಿಬಿ, ಒಟ್ಟು 16 ಜಿಬಿ ರ‍್ಯಾಮ್" ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದಾರೆ. ಇದನ್ನು ನಂಬಬಹುದೇ? (ಪದವಿ ವಿದ್ಯಾರ್ಥಿ)

ಉತ್ತರ: ಫೋನು ತಕ್ಷಣದ ಕೆಲಸಕ್ಕೆ ಬಳಸುವ ನೆನಪು, ಅಂದರೆ ನಿಜವಾದ ರ‍್ಯಾಮ್, ಇರುವುದು 8. ಇನ್ನೊಂದು 8 ಎಂಬುದು ನಿಮ್ಮ ಫೋಟೊಗಳೂ ಹಾಡುಗಳೂ ಇರುವ ಸಂಗ್ರಹದಿಂದ ಕಡ ತಂದ ಜಾಗ. ಮೇಜಿನ ಮೇಲಿನ ಕಡತಕ್ಕೂ ಅಟ್ಟದ ಮೇಲಿನ ಕಡತಕ್ಕೂ ಇರುವ ಅಂತರ ಅದು. ಅಟ್ಟವನ್ನೂ ಮೇಜು ಎಂದು ಕರೆದ ಮಾತ್ರಕ್ಕೆ ಏಣಿ ಹತ್ತುವುದು ತಪ್ಪುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಸಂಗ್ರಹ ಯಾವ ಬಗೆಯದು, ಇಎಂಎಂಸಿಯೋ ಯುಎಫ್‌ಎಸ್ಸೋ? ಇಎಂಎಂಸಿ ಒಮ್ಮೆಗೆ ಓದುವ ಅಥವಾ ಬರೆಯುವ ಕೆಲಸಗಳಲ್ಲಿ ಒಂದನ್ನಷ್ಟೇ ಮಾಡುತ್ತದೆ. ಯುಎಫ್‌ಎಸ್ ಎರಡನ್ನೂ ಜೊತೆಜೊತೆಗೆ ನಡೆಸುತ್ತದೆ. ಎರಡು ವರ್ಷದ ನಂತರ ಫೋನು ತಿಣುಕುತ್ತದೆ ಎಂದು ನನ್ನ ಬಳಿ ಬರುವವರಲ್ಲಿ ಅನೇಕರ ಕಷ್ಟದ ಮೂಲ ಪ್ರೊಸೆಸರ್ ಅಲ್ಲ, ತುಂಬಿ ತುಳುಕುವ ನಿಧಾನಗತಿಯ ಸಂಗ್ರಹ.

ಪ್ರಶ್ನೆ: ಹೊಸ ಫೋನಿನ ಬಣ್ಣಗಳು ಅದ್ಭುತ. ಆದರೆ ರಾತ್ರಿ ದೀಪ ಆರಿಸಿ ಅರ್ಧ ಗಂಟೆ ಓದಿದರೆ ಕಣ್ಣು ಉರಿದು ತಲೆ ಹಿಡಿದುಕೊಳ್ಳುತ್ತದೆ. ಹಳೆಯ ಫೋನಿನಲ್ಲಿ ಹೀಗಾಗುತ್ತಿರಲಿಲ್ಲ. ವಯಸ್ಸಾಯಿತು ಎನ್ನುತ್ತಾನೆ ಮಗ. (ನಿವೃತ್ತ ಗ್ರಂಥಪಾಲಕರು)

ಉತ್ತರ: ಕಣ್ಣಿನ ವೈದ್ಯರಿಗೆ ಒಮ್ಮೆ ತೋರಿಸಿ, ಆದರೆ ಮಗನ ಮಾತನ್ನು ಅಷ್ಟು ಬೇಗ ಒಪ್ಪಬೇಡಿ. ನಿಮ್ಮ ಹಳೆಯ ಫೋನಿನದು ಎಲ್‌ಸಿಡಿ ಪರದೆ ಇದ್ದಿರಬೇಕು, ಹೊಸದು ಒಎಲ್‌ಇಡಿ. ಎಲ್‌ಸಿಡಿಯಲ್ಲಿ ಹಿಂದೊಂದು ದೀಪ ಸದಾ ಬೆಳಗುತ್ತಿರುತ್ತದೆ, ಮುಂದಿನ ಪದರ ಅದನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ತಡೆಯುತ್ತದೆ. ಒಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುವ ದೀಪ. ಕಪ್ಪು ಬೇಕಾದರೆ ಆರಿಬಿಡುತ್ತದೆ. ಅದಕ್ಕೇ ಆ ಕಪ್ಪು ಅಷ್ಟು ಗಾಢ. ಸರಿ, ಪರದೆಯ ಬೆಳಕನ್ನು ತಗ್ಗಿಸಬೇಕಾದರೆ? ಬಹಳಷ್ಟು ಒಎಲ್‌ಇಡಿ ಪರದೆಗಳು ನಿಜವಾಗಿ ಮಂಕಾಗುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ. 240 ಸಲ ಎಂಬುದು ಬಹಳ ಕಾಲ ರೂಢಿಯಲ್ಲಿದ್ದ ಲೆಕ್ಕ. ಬೆಳಕು ತಗ್ಗಿಸಿದಷ್ಟೂ ಆರಿರುವ ಹೊತ್ತು ಉದ್ದವಾಗುತ್ತದೆ. ಕಣ್ಣಿಗೆ ಮಿನುಗು ಕಾಣಿಸದು, ಆದರೂ ಕೆಲವರಿಗೆ ಅದು ಬಾಧಿಸುತ್ತದೆ. ಎಲ್ಲರಿಗೂ ಅಲ್ಲ. ನನಗೆ ಏನೂ ಆಗುವುದಿಲ್ಲ, ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಹತ್ತು ನಿಮಿಷಕ್ಕೆ ಹುಬ್ಬಿನ ನಡುವೆ ನೋವು ಶುರುವಾಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಬಿಳಿ ಪುಟ ತೆರೆದು ಬೆಳಕನ್ನು ತೀರಾ ತಗ್ಗಿಸಿ. ಅದರ ಮುಂದೆ ಒಂದು ಪೆನ್ಸಿಲನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಿ. ಮಸುಕಾದ ಒಂದೇ ಪಟ್ಟೆ ಕಂಡರೆ ಸರಿ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್‌ಗಳು ಕಂಡರೆ ಪರದೆ ಮಿನುಗುತ್ತಿದೆ ಎಂದರ್ಥ. ಪುರಾವೆ ಮಗನಿಗೂ ಬೇಕಿದ್ದರೆ ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಶಟರ್ ವೇಗವನ್ನು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಹೊಂದಿಸಿ ನಿಮ್ಮ ಪರದೆಯತ್ತ ಹಿಡಿಯಿರಿ. ಕಪ್ಪು ಪಟ್ಟೆಗಳು ಮೂಡುತ್ತವೆ.

ಈಗಿರುವ ಫೋನನ್ನೇ ಬಳಸುವುದಾದರೆ ಓದುವಾಗ ಕೋಣೆಯ ದೀಪವೊಂದನ್ನು ಹಚ್ಚಿಡಿ, ಪರದೆಯ ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಬದಲಿಸುವುದಾದರೆ ಮಿನುಗಿನ ಆವರ್ತನ ಸಾವಿರಾರು ಹರ್ಟ್ಜ್ (ಸೆಕೆಂಡಿಗೆ ಸಾವಿರಾರು ಸಲ) ಇರುವುದನ್ನೋ, ಆರಿಸಿ ಹತ್ತಿಸದೆ ವಿದ್ಯುತ್ತನ್ನೇ ತಗ್ಗಿಸಿ ಮಂಕು ಮಾಡುವ ಡಿಸಿ ಡಿಮ್ಮಿಂಗ್ ಇರುವುದನ್ನೋ, ಒಳ್ಳೆಯ ಎಲ್‌ಸಿಡಿಯನ್ನೋ ಆರಿಸಿ. ಇದನ್ನು 120 ಹರ್ಟ್ಜ್ ಎಂದು ದೊಡ್ಡದಾಗಿ ಬರೆಯುವ ಅಂಕಿಯೊಂದಿಗೆ ಬೆರೆಸಬೇಡಿ. ಅದು ಚಿತ್ರ ಬದಲಾಗುವ ವೇಗ: 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 120ರಲ್ಲಿ ಅದರ ಅರ್ಧ. ಪುಟ ಸರಿಸುವಾಗ ಅಕ್ಷರಗಳು ಕಲಸಿಹೋಗದಿರಲು ಅದು ನೆರವಾಗುತ್ತದೆ. ನಿಮ್ಮ ತಲೆನೋವಿಗೆ ಅಲ್ಲ.

ಪ್ರಕಾಶದ ಬಗ್ಗೆಯೂ ಒಂದು ಮಾತು, ಯಾರೂ ಕೇಳದಿದ್ದರೂ. "ಗರಿಷ್ಠ ಇಷ್ಟು ಸಾವಿರ ನಿಟ್ಸ್" ಎಂಬ ಅಂಕಿ ಪರದೆಯ ಒಂದು ಚಿಕ್ಕ ಭಾಗ ಕೆಲವು ಕ್ಷಣ ಮಾತ್ರ ಮುಟ್ಟುವ ಎತ್ತರ. ಫೋನನ್ನು ಬಿಸಿಲಿಗೆ ಒಯ್ದು ಒಂದು ಸಂದೇಶ ಓದಿ. ಅದಕ್ಕಿಂತ ದೊಡ್ಡ ಮಾಪನವಿಲ್ಲ.

ಪ್ರಶ್ನೆ: 200 ಮೆಗಾಪಿಕ್ಸೆಲ್ ಕ್ಯಾಮೆರಾ, ಹಿಂಬದಿಗೆ ನಾಲ್ಕು ಕಣ್ಣು. ಆದರೂ ಸಂಜೆ ಮನೆಯೊಳಗೆ ಮಗುವಿನ ಫೋಟೊ ತೆಗೆದರೆ ಮುಖ ಮೇಣದ ಗೊಂಬೆಯಂತೆ ಬರುತ್ತದೆ. ಏಕೆ? (ಗೃಹಿಣಿಯೊಬ್ಬರು)

ಉತ್ತರ: ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ. 200 ಮೆಗಾಪಿಕ್ಸೆಲ್ ಎಂದರೆ 20 ಕೋಟಿ ಚುಕ್ಕೆಗಳು, ಅವನ್ನೆಲ್ಲ ಉಗುರಿನಷ್ಟು ಜಾಗದಲ್ಲಿ ಕೂರಿಸಬೇಕು. ಒಂದೊಂದು ಚುಕ್ಕೆ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ, ಚಿಕ್ಕದು. ಅಷ್ಟು ಪುಟ್ಟ ಬೊಗಸೆಗೆ ಮಂದ ಬೆಳಕಿನಲ್ಲಿ ಏನು ತಾನೇ ಸಿಕ್ಕೀತು? ಹಾಗಾಗಿ ಫೋನು ತಾನಾಗಿಯೇ ಹದಿನಾರು ಚುಕ್ಕೆಗಳನ್ನು ಒಂದಾಗಿ ಬೆಸೆದು 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ನಿಮ್ಮ ಫೋಟೊದ ವಿವರ ತೆರೆದು ನೋಡಿ, ಅಲ್ಲಿ ಇರುವುದು ಅದೇ ಅಂಕಿ. ಇಷ್ಟಾದರೂ ಉಳಿಯುವ ಕಾಳುಕಾಳಾದ ಕಲೆಯನ್ನು ತಂತ್ರಾಂಶ ಸವರಿ ನುಣುಪು ಮಾಡುತ್ತದೆ. ಆ ಸವರುವಿಕೆಯೇ ನಿಮಗೆ ಕಂಡ ಮೇಣ.

ಆದ್ದರಿಂದ ಮೆಗಾಪಿಕ್ಸೆಲ್ ಬಿಟ್ಟು, ಆ ಚುಕ್ಕೆಗಳೆಲ್ಲ ಕುಳಿತಿರುವ ಸಂವೇದಕದ ಅಳತೆ ನೋಡಿ. 1/1.3 ಇಂಚು, 1/2.76 ಇಂಚು ಎಂದು ಭಿನ್ನರಾಶಿಯಲ್ಲಿ ಬರೆದಿರುತ್ತಾರೆ. ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸಂವೇದಕ ದೊಡ್ಡದು. ಈ ಇಂಚು ನಿಜವಾದ ಇಂಚೂ ಅಲ್ಲ ಎಂಬುದು ತಮಾಷೆ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಲೆಕ್ಕ ಅದು. "ಒಂದು ಇಂಚಿನ" ಸಂವೇದಕವನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 16 ಮಿಲಿಮೀಟರ್ ಮಾತ್ರ. ನಾಲ್ಕು ಕಣ್ಣುಗಳಲ್ಲಿ 2 ಮೆಗಾಪಿಕ್ಸೆಲ್‌ನದು ಯಾವುದಾದರೂ ಇದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಅದು ಬೊಟ್ಟು, ಕಣ್ಣಲ್ಲ.

ಕೊಳ್ಳುವ ಮುನ್ನ ಕ್ಯಾಮೆರಾ ಪರೀಕ್ಷಿಸಲು ಎಲ್ಲರೂ ಹೂವನ್ನೋ ಕಟ್ಟಡವನ್ನೋ ತೆಗೆಯುತ್ತಾರೆ. ಹೂವಿನ ಚಿತ್ರ ಯಾವ ಫೋನಿನಲ್ಲೂ ಕೆಡುವುದಿಲ್ಲ. ಒಳಾಂಗಣದಲ್ಲಿ, ನಡೆದಾಡುತ್ತಿರುವ ಯಾರದಾದರೂ ಚಿತ್ರ ತೆಗೆಯಿರಿ, ಕೈ ಬೆರಳುಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿ. ಆಮೇಲೆ ವಿಡಿಯೊ ಓಡುತ್ತಿರುವಾಗಲೇ ಅಗಲ ಮಸೂರದಿಂದ ಮುಖ್ಯ ಮಸೂರಕ್ಕೆ ಹಾರಿ. ಬಿಳಿ ಗೋಡೆ ಇದ್ದಕ್ಕಿದ್ದಂತೆ ಹಳದಿಯಾದರೆ, ಎರಡು ಕಣ್ಣುಗಳನ್ನು ಒಂದೇ ಮುಖದ ಮೇಲೆ ಕೂರಿಸುವ ಕೆಲಸವನ್ನು ತಯಾರಕರು ಅರ್ಧಕ್ಕೇ ಬಿಟ್ಟಿದ್ದಾರೆ.

ಪ್ರಶ್ನೆ: ಐಪಿ68 ಎಂದು ನಂಬಿ ಸಮುದ್ರದಲ್ಲಿ ಫೋಟೊ ತೆಗೆದೆ. ಮರುದಿನ ಫೋನು ಸತ್ತಿತು. ಖಾತರಿಯಡಿ ಬರುವುದಿಲ್ಲ ಎಂದು ಸೇವಾ ಕೇಂದ್ರದವರು ಕೈಯೆತ್ತಿದರು. (ಹೆಸರು ಬೇಡವೆಂದು ಬರೆದವರು)

ಉತ್ತರ: ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ, ಆದರೆ ಅವರು ನಿಯಮದೊಳಗೇ ಇದ್ದಾರೆ. ಐಪಿ ಎಂಬುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದ ಗುರುತು. ಮೊದಲ ಅಂಕಿ ದೂಳಿಗೆ. 6 ಎಂದರೆ ದೂಳು ಒಳಗೆ ಹೋಗದು. ಎರಡನೆಯದು ನೀರಿಗೆ. 7 ಎಂದರೆ ಒಂದು ಮೀಟರ್ ಆಳದಲ್ಲಿ ಮೂವತ್ತು ನಿಮಿಷ. 8 ಎಂದರೆ ಅದಕ್ಕಿಂತ ಕಠಿಣ, ಎಷ್ಟು ಆಳ ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ನಿಂತ ಸಿಹಿನೀರಿನಲ್ಲಿ. ಉಪ್ಪುನೀರು ಚಾರ್ಜಿಂಗ್ ಕಿಂಡಿಯ ಲೋಹವನ್ನು ತಿನ್ನುತ್ತದೆ. ಸಾಬೂನು ನೀರು ಬರೀ ನೀರು ನುಸುಳದ ಸಂದಿಯಲ್ಲೂ ನುಸುಳುತ್ತದೆ.

ಒಳಗೆ ನೀರನ್ನು ತಡೆಯುತ್ತಿರುವುದು ಏನೆಂದು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ಸಿಮ್ ತಟ್ಟೆಯನ್ನು ಹೊರಗೆಳೆಯಿರಿ, ಅದರ ಕುತ್ತಿಗೆಗೆ ದಾರದಷ್ಟು ತೆಳ್ಳನೆಯ ರಬ್ಬರ್ ಉಂಗುರ ಸುತ್ತಿರುತ್ತದೆ. ಬೆನ್ನಿನ ಸುತ್ತ ಇರುವುದು ಒಂದೆರಡು ಮಿಲಿಮೀಟರ್ ಅಗಲದ ಅಂಟಿನ ಪಟ್ಟಿ. ಮುಗಿಯಿತು. ಬಿಸಿಗೆ ಆ ಅಂಟು ಮುಪ್ಪಾಗುತ್ತದೆ, ಫೋನು ಒಮ್ಮೆ ಬಿದ್ದು ಚೌಕಟ್ಟು ಎಳೆಯಷ್ಟು ಸೊಟ್ಟಗಾದರೆ ಎಲ್ಲೋ ಬಾಯಿ ಬಿಡುತ್ತದೆ, ನನ್ನಂಥವನು ಒಮ್ಮೆ ತೆರೆದು ಮುಚ್ಚಿದರೆ ಮೊದಲಿನ ಬಿಗಿ ಬರುತ್ತದೆಂದು ಯಾರೂ ಪ್ರಮಾಣ ಮಾಡಲಾರರು. ಸಿಮ್ ಗೂಡಿನೊಳಗೆ ಇಣುಕಿದರೆ ಅನೇಕ ಫೋನುಗಳಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಸೇವಾ ಕೇಂದ್ರದವರು ಮೊದಲು ಟಾರ್ಚ್ ಬಿಟ್ಟು ನೋಡುವುದು ಅದನ್ನೇ. ಇನ್ನೊಮ್ಮೆ ಹೀಗಾದರೆ ಫೋನನ್ನು ಸ್ವಿಚ್ ಆಫ್ ಮಾಡಿ, ಸಿಹಿನೀರಿನಲ್ಲಿ ಹೊರಗಿನಿಂದ ಹಗುರವಾಗಿ ತೊಳೆದು ಒರೆಸಿ, ಕಿಂಡಿ ಪೂರ್ತಿ ಒಣಗುವವರೆಗೆ ಚಾರ್ಜರ್ ಚುಚ್ಚಬೇಡಿ.

ಪ್ರಶ್ನೆ: 5000 ಎಂಎಎಚ್ ಬ್ಯಾಟರಿ, 120 ವ್ಯಾಟ್ ಚಾರ್ಜಿಂಗ್. ಇಷ್ಟು ವೇಗವಾಗಿ ತುಂಬಿದರೆ ಬ್ಯಾಟರಿ ಬೇಗ ಹಾಳಾಗುವುದಿಲ್ಲವೇ? (ವಾಹನ ಚಾಲಕರೊಬ್ಬರು)

ಉತ್ತರ: ವೇಗಕ್ಕಿಂತ ಬಿಸಿ ಕೊಲ್ಲುತ್ತದೆ. 120 ವ್ಯಾಟ್ ಎಂಬುದು ಬ್ಯಾಟರಿ ಬರಿದಾಗಿದ್ದಾಗ ಆರಂಭದ ಕೆಲವು ನಿಮಿಷ ಹರಿಯುವ ಪ್ರಮಾಣ; ತುಂಬುತ್ತ ಬಂದಂತೆ ಫೋನು ತಾನೇ ಹರಿವನ್ನು ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ಮುಂಗಾಜಿನ ಹಿಂದೆ ಬಿಸಿಲಿನಲ್ಲಿ ಫೋನನ್ನು ಇಟ್ಟು ನಕ್ಷೆಯನ್ನೂ ಓಡಿಸಿದರೆ ಮಾತ್ರ ನೀವು ಹೇಳಿದ್ದೇ ನಿಜವಾಗುತ್ತದೆ. ಚಾಲಕರು ತರುವ ಫೋನುಗಳ ಬೆನ್ನು ಉಬ್ಬಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಫೋನನ್ನು ವಾಹನದ ತಂಪು ಗಾಳಿಕಿಂಡಿಯ ಬಳಿ ಸಿಕ್ಕಿಸಿ.

ಎಂಎಎಚ್ ಒಂದನ್ನೇ ಹೋಲಿಸುವುದೂ ಅರೆಬರೆ ಲೆಕ್ಕ. ಬ್ಯಾಟರಿಯ ಮೇಲೆ ವ್ಯಾಟ್-ಗಂಟೆ ಎಂದು ಇನ್ನೊಂದು ಅಂಕಿ ಇರುತ್ತದೆ. 5000 ಎಂಎಎಚ್ (ಮಿಲಿಆಂಪಿಯರ್-ಗಂಟೆ), ಅಂದರೆ 5 ಆಂಪಿಯರ್-ಗಂಟೆಯನ್ನು 3.85 ವೋಲ್ಟ್‌ನಿಂದ ಗುಣಿಸಿದರೆ 19.25 ವ್ಯಾಟ್-ಗಂಟೆ, ನಿಜವಾದ ದಾಸ್ತಾನು ಅದು. ಎಷ್ಟು ಸಲ ತುಂಬಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಕೇಳಿ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ 800 ಸಲ ತುಂಬಿ ಬರಿದಾದ ಮೇಲೂ ಬ್ಯಾಟರಿಯಲ್ಲಿ ಮೊದಲಿನ ಶೇ. 80ರಷ್ಟು ಸಾಮರ್ಥ್ಯ ಉಳಿದಿರಬೇಕು. ಒಳ್ಳೆಯ ಅಳತೆಗೋಲು, ನೀವು ಎಲ್ಲೇ ಇದ್ದರೂ ಕೇಳಲು ಅಡ್ಡಿಯಿಲ್ಲ. ಇನ್ನೊಂದು ಸಂಗತಿ ವಿವರಪಟ್ಟಿಯಲ್ಲಿ ಸಿಗುವುದಿಲ್ಲ, ತೆರೆದಾಗ ಮಾತ್ರ ತಿಳಿಯುತ್ತದೆ. ಕೆಲವು ಫೋನುಗಳಲ್ಲಿ ಬ್ಯಾಟರಿಯ ಅಡಿಯ ಅಂಟಿಗೆ ಒಂದು ಬಾಲ ಇರುತ್ತದೆ. ಚಿಮುಟದಿಂದ ಹಿಡಿದು ನಿಧಾನವಾಗಿ ಎಳೆದರೆ ಅಂಟು ರಬ್ಬರಿನಂತೆ ಉದ್ದವಾಗುತ್ತ ಕಳಚಿ ಬರುತ್ತದೆ. ಇನ್ನು ಕೆಲವರು ಗೋಡೆಗೆ ಭಿತ್ತಿಪತ್ರ ಅಂಟಿಸಿದಂತೆ ಮೆತ್ತಿಬಿಟ್ಟಿರುತ್ತಾರೆ. ಅಂಥದ್ದನ್ನು ಕಳಚುವಾಗ ನಾನು ಉಸಿರು ಬಿಗಿಹಿಡಿದಿರುತ್ತೇನೆ, ಏಕೆಂದರೆ ಲಿಥಿಯಂ ಬ್ಯಾಟರಿ ಬಾಗಿದರೂ ತೂತಾದರೂ ಬೆಂಕಿ.

ಪ್ರಶ್ನೆ: ಕರೆಯಲ್ಲಿ ಮಾತನಾಡುವಾಗ ನನ್ನ ಕೆನ್ನೆಯೇ ಯಾರಿಗೋ ಇನ್ನೊಂದು ಕರೆ ಮಾಡುತ್ತದೆ, ದನಿ ಮುಚ್ಚುತ್ತದೆ. ಫೋನು ಹೊಸದು.

ಉತ್ತರ: ಕೆನ್ನೆ ನಿರಪರಾಧಿ. ಮುಖ ಹತ್ತಿರ ಬಂದಾಗ ಪರದೆ ಆರಿಸುವ ಸಂವೇದಕ ನಿಮ್ಮ ಫೋನಿನಲ್ಲಿ ಇಲ್ಲದಿರಬಹುದು. ಪರದೆಯ ಸುತ್ತ ಅಂಚೇ ಕಾಣಬಾರದೆಂಬ ಹಟದಲ್ಲಿ ಕೆಲವು ತಯಾರಕರು ಅದನ್ನು ಕೈಬಿಟ್ಟು, ಫೋನಿನ ವಾಲುವಿಕೆ ಮತ್ತು ಪರದೆಯ ಸ್ಪರ್ಶದಿಂದ ಊಹಿಸುವ ತಂತ್ರಾಂಶ ಹಾಕಿದ್ದಾರೆ. ಮಲಗಿಕೊಂಡು ಮಾತನಾಡಿದರೆ ಆ ಊಹೆ ದಿಕ್ಕು ತಪ್ಪುತ್ತದೆ. ಕೊಳ್ಳುವ ಮುನ್ನ ಒಂದು ಕರೆ ಮಾಡಿ, ಪರದೆಯನ್ನು ಮುಟ್ಟದೆ ಕೇಳುಗಿಂಡಿಯ ಬಳಿ ಅಂಗೈ ಅಡ್ಡ ಹಿಡಿದರೆ ತಿಳಿದುಬಿಡುತ್ತದೆ. ಈಗ ಮಾಡಬಹುದಾದದ್ದು ಇಷ್ಟೇ: ಫೋನು ಕಿವಿಗೆ ಇಡುವ ಮೊದಲು ಪವರ್ ಗುಂಡಿ ಒತ್ತಿ ಪರದೆ ಆರಿಸಿ. ಆದರೆ ಕೆಲವು ಫೋನುಗಳಲ್ಲಿ ಅದೇ ಗುಂಡಿಯಿಂದ ಕರೆ ಕಡಿದುಹೋಗುವಂತೆ ಹೊಂದಿಸಿರುತ್ತಾರೆ, ಮೊದಲು ಅದನ್ನು ಬದಲಿಸಿಕೊಳ್ಳಿ.

ಪ್ರಶ್ನೆ: ನಾನು ಗಾರೆ ಕೆಲಸದವನು. ಪರದೆಯ ಅಡಿಯ ಬೆರಳಚ್ಚು ಸಂವೇದಕ ಹತ್ತು ಸಲದಲ್ಲಿ ಎರಡು ಸಲವೂ ನನ್ನನ್ನು ಗುರುತಿಸುವುದಿಲ್ಲ. ಕೆಲವೊಮ್ಮೆ ಪರದೆಯೇ ಬೆರಳಿಗೆ ಓಗೊಡುವುದಿಲ್ಲ. ಯಾವ ಫೋನು ನನಗೆ ಸರಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದು ನನ್ನದೂ ಕತೆ. ಸೋಲ್ಡರಿಂಗ್ ಐರನ್ ತಾಗಿ ತಾಗಿ ನನ್ನ ಬಲ ಹೆಬ್ಬೆರಳ ತುದಿ ನುಣ್ಣಗಾಗಿದೆ. ನಿಮ್ಮ ಬೆರಳನ್ನು ಸಿಮೆಂಟು ಸವೆಸಿದೆ.

ಮೊದಲು ಪರದೆಯ ವಿಷಯ. ಹಿಂದೆ ಒತ್ತಿದರೆ ಕೆಲಸ ಮಾಡುವ ಪರದೆಗಳಿದ್ದವು. ಅವಕ್ಕೆ ಉಗುರಾದರೂ ಕಡ್ಡಿಯಾದರೂ ಸರಿ. ಈಗಿನವು ಒತ್ತಡವನ್ನು ಲೆಕ್ಕಿಸುವುದಿಲ್ಲ. ಗಾಜಿನಡಿ ಕಣ್ಣಿಗೆ ಕಾಣದ ವಾಹಕ ಗೆರೆಗಳ ಜಾಲವಿರುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಏರುಪೇರನ್ನು ಅಳೆಯುತ್ತವೆ. ಒಣಗಿ ದಡ್ಡುಗಟ್ಟಿದ ಚರ್ಮ ಆ ಏರುಪೇರನ್ನು ಕಡಿಮೆ ಮಾಡುತ್ತದೆ. ಗಟ್ಟಿಯಾಗಿ ಒತ್ತುವುದರಿಂದ ಲಾಭವಿಲ್ಲ. ಬೆರಳ ತುದಿಗಿಂತ ಮೆದುವಾದ ಭಾಗವನ್ನು ಚಪ್ಪಟೆಯಾಗಿ ಇಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶ ಸೂಕ್ಷ್ಮತೆ ಅಥವಾ ಕೈಗವಸು ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ. ದಪ್ಪ ರಕ್ಷಕ ಗಾಜು ಅಂಟಿಸಿದ್ದರೆ ಅದನ್ನು ತೆಗೆಸಿ ತೆಳುವಾದದ್ದು ಹಾಕಿಸಿ, ಅರ್ಧ ಸಮಸ್ಯೆ ಅಲ್ಲೇ ಇರಬಹುದು.

ಬೆರಳಚ್ಚಿಗೆ ಬಂದರೆ, ಪರದೆಯಡಿಯ ಸಂವೇದಕಗಳಲ್ಲಿ ಎರಡು ಬಗೆ. ಒಂದು ಬೆರಳಿಗೆ ಬೆಳಕು ಬಿಟ್ಟು ಚಿತ್ರ ತೆಗೆಯುತ್ತದೆ. ಇನ್ನೊಂದು ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಕಳಿಸಿ ಬೆರಳಿನ ಏರುತಗ್ಗುಗಳನ್ನು ಅಳೆಯುತ್ತದೆ. ಒದ್ದೆ ಬೆರಳು, ಕೊಳೆಯಾದ ಬೆರಳುಗಳಿಗೆ ಇದು ಮೇಲು. ಎರಡೂ ಒಗ್ಗದಿದ್ದರೆ ಪವರ್ ಗುಂಡಿಯಲ್ಲೇ ಸಂವೇದಕ ಇರುವ ಫೋನನ್ನು ಒಮ್ಮೆ ಪರೀಕ್ಷಿಸಿ. ಕೆಲಸ ಮುಗಿಸಿದ ದಿನವೇ, ಬೆರಳು ಒರಟಾಗಿರುವಾಗಲೇ ಹೋಗಿ ಪರೀಕ್ಷಿಸಿ, ತೊಳೆದು ಎಣ್ಣೆ ಹಚ್ಚಿಕೊಂಡು ಹೋಗಬೇಡಿ.

ನಾನು ಮಾಡಿಕೊಂಡಿರುವ ಉಪಾಯವನ್ನೂ ಹೇಳುತ್ತೇನೆ. ಒಂದೇ ಬೆರಳನ್ನು ಎರಡು ಬೆರಳುಗಳೆಂಬಂತೆ ಎರಡು ಸಲ ನೋಂದಾಯಿಸಿದ್ದೇನೆ, ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಕೆಲಸ ಮುಗಿದ ಮೇಲೆ. ಅದೂ ಹೆಬ್ಬೆರಳಲ್ಲ, ಎಡಗೈಯ ಉಂಗುರ ಬೆರಳು. ಕರಣೆ ಹಿಡಿಯುವ ಕೈಗಿಂತ ಇನ್ನೊಂದು ಕೈಯ ಆ ಬೆರಳಿಗೆ ಸವೆತ ಕಡಿಮೆ. ನಿಮ್ಮದನ್ನು ಬೆಳಕಿಗೆ ಹಿಡಿದು ನೋಡಿ, ಗೆರೆಗಳು ಇನ್ನೂ ಇದ್ದಾವು.